ಬಫರಿನ ಮೊದಲ ಖಾನೆಗೆ ಸೊನ್ನೆ

ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಪ್ರೋಗ್ರಾಮರ್. ಒತ್ತಡ ಅಳೆಯುವ ಮಾಪಕಗಳನ್ನು ಪರೀಕ್ಷಿಸುವ ಯಂತ್ರವೊಂದು ಅಲ್ಲಿತ್ತು. ಅದನ್ನು ನಡೆಸುವ, ಸಿ ಭಾಷೆಯ ಪ್ರೋಗ್ರಾಮನ್ನು ನನಗಿಂತ ಮೊದಲು ಅಲ್ಲಿದ್ದ ಮೇಡಂ ಒಬ್ಬರು ಬರೆದಿದ್ದರು. ಸೆನ್ಸರ್ ಉತ್ತರ ಕೊಡದಿದ್ದರೆ ಪ್ರೋಗ್ರಾಂ ಮಾಡುತ್ತಿದ್ದ ಕೆಲಸವನ್ನು ಅಲ್ಲೇ ಬಿಟ್ಟು, ಮೊದಲೇ ಗುರುತು ಮಾಡಿಟ್ಟ ಜಾಗಕ್ಕೆ ಒಂದೇ ನೆಗೆತಕ್ಕೆ ಮರಳಿ, ವಾಲ್ವ್ ತೆರೆದು ಒತ್ತಡ ಇಳಿಸಬೇಕು. ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಅದು ಎಂದೂ ತಪ್ಪಿರಲಿಲ್ಲ.

ಹೊಸ ವಿಂಡೋಸ್ ಕಂಪ್ಯೂಟರ್ ಬಂದ ವಾರ, ಊಟದ ನಂತರ ಪರೀಕ್ಷೆಗೆಂದು ನಾನೇ ಸೆನ್ಸರಿನ ತಂತಿ ಕಿತ್ತೆ. ಪರದೆಯ ಮೇಲಿದ್ದ ಪ್ರೋಗ್ರಾಮಿನ ಕಿಟಕಿ ಮಾಯವಾಯಿತು. ತಪ್ಪಿನ ಸೂಚನೆಯಿಲ್ಲ, ಸದ್ದಿಲ್ಲ. ಪಂಪ್ ಮಾತ್ರ ಓಡುತ್ತಲೇ ಇತ್ತು, ಒತ್ತಡದ ಮುಳ್ಳು ಮೇಲೇರುತ್ತಿತ್ತು. ನಡೆಸುವವರೇ ಇಲ್ಲದೆ ಯಂತ್ರ ಕೆಲಸ ಮಾಡುತ್ತಿತ್ತು. ಓಡಿ ಹೋಗಿ ಪಂಪಿನ ಪ್ಲಗ್ ಕಿತ್ತೆ.

ಮೂರು ದಿನ ಹುಡುಕಿದೆ. ತಪ್ಪು ಹುಡುಕುವ ಡಿಬಗ್ಗರಿನಲ್ಲಿ, ಒಂದನ್ನೊಂದು ಕರೆದ ಫಂಕ್ಷನ್‌ಗಳ ಸರಣಿ ಮೇಡಂ ಯಂತ್ರಭಾಷೆಗೆ ಹತ್ತಿರದ ಅಸೆಂಬ್ಲಿಯಲ್ಲಿ ಬರೆದ ತುಂಡಿನ ತನಕ ಸರಿಯಿತ್ತು. ಅದರಾಚೆ ಯಾರಿಗೂ ಸೇರದ ಒಂದು ಮೆಮೊರಿ ವಿಳಾಸ. ಪ್ರತಿ ಸಲವೂ ಅದೇ.

ಮೇಡಂ ಬೀದರ್ ಕಡೆಯವರು, ನಿವೃತ್ತರಾಗಿ ನಾರಾಯಣಗೂಡದಲ್ಲಿ ತಂಗಿಯ ಜೊತೆ ಇದ್ದರು. ಅವರನ್ನೇ ಕೇಳೋಣವೆಂದು ಹೋದೆ.

"ಬರ್ರಿ, ಕೂಡ್ರಿ. ಬಸ್ಸು ಲಗೂನ ಸಿಕ್ತೇನ್ರಿ?" ಎಂದರು. ನನ್ನ ಮಾತು ಮುಗಿಯುವ ಮೊದಲೇ ಅವರಿಗೆ ಅರ್ಥವಾಗಿತ್ತು.

"ಲಿನಕ್ಸ್ ಸೀದಾ ಜಿಗೀತೈತಿ. ವಿಂಡೋಸ್ ಹಂಗಲ್ಲರಿ. ಜಿಗಿಯೋ ಮುಂದ ನಡುವಿನ ಒಂದೊಂದು ಫಂಕ್ಷನ್ನೂ ಬಿಚ್ಕೋತ ಬರ್ತೈತಿ. ನನ್ನ ಅಸೆಂಬ್ಲಿ ತುಂಡು ಹ್ಯಾಂಗ ಬಿಚ್ಚಬೇಕಂತ ನಾ ಎಲ್ಲೂ ಬರದಿಲ್ಲ. ಅಲ್ಲಿಗೆ ಬಂದು ಸಾಯ್ತೈತಿ."

"ಏನು ಮಾಡಲಿ ಮೇಡಂ?"

"ಜಿಗಿಯೋ ಜಾಗದ ಗುರುತು ಬರದಿಟ್ಟ ಮೆಮೊರಿ ಬಫರಿನ ಮೊದಲ್ನೇ ಖಾನೆಗೆ ಸೊನ್ನಿ ಹಾಕ್ರಿ. ಸೊನ್ನಿ ಕಂಡ್ರ ಬಿಚ್ಚಾಕ ಹೋಗಂಗಿಲ್ಲ."

ನಾನು ಬರೆದುಕೊಂಡು ತಲೆ ಎತ್ತಿದೆ. ಅವರು ನನ್ನನ್ನು ಆಗಷ್ಟೇ ಕಂಡವರಂತೆ ನೋಡುತ್ತಿದ್ದರು.

"ಬರ್ರಿ, ಕೂಡ್ರಿ. ಬಸ್ಸು ಲಗೂನ ಸಿಕ್ತೇನ್ರಿ?"

ಅದೇ ಧ್ವನಿ, ಅದೇ ನಗು, ಕೈ ಸೋಫಾದತ್ತ ತೋರಿಸಿದ ರೀತಿಯೂ ಅದೇ. ನಾನು ಕೂತೇ ಇದ್ದೆ. "ಸಿಕ್ಕಿತು" ಎಂದೆ. ನನ್ನನ್ನು ಕಳಿಸಲು ಬಾಗಿಲ ತನಕ ಬಂದ ಅವರ ತಂಗಿ, "ಈಗೀಗ ಭಾಳ ಹಿಂಗಾಗಾಕತ್ತೈತಿ. ಹಳೇದು ಇನ್ನೂ ನೆನಪೈತಿ, ಈಗಿಂದು ನಿಲ್ಲಂಗಿಲ್ಲ" ಎಂದರು.

ಮರುದಿನ ಸೊನ್ನೆ ಹಾಕಿ ತಂತಿ ಕಿತ್ತೆ. ಕಿಟಕಿ ಉಳಿಯಿತು. ವಾಲ್ವ್ ಬುಸ್ಸೆಂದು ತೆರೆದು ಮುಳ್ಳು ಕೆಳಗಿಳಿಯಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಮರಳಿ ಬಂತು. ಖುಷಿ ತಡೆಯಲಾಗದೆ ಫೋನ್ ಮಾಡಿದೆ. ಮೇಡಂ ಒಂದೊಂದು ವಿವರವನ್ನೂ ಕೇಳಿ ತಿಳಿದುಕೊಂಡರು.

"ಆ ಜಿಗಿಯೋ ಕೆಲಸ ಚಲೋ ಐತ್ರಿ. ಶಾಣ್ಯಾರು ಯಾರೋ ಬರದಾರ. ಯಾರ್ರಿ ಅವರು?"

"ನೀವೇ ಮೇಡಂ."

ಆ ಕಡೆ ಮೇಡಂ ತಂಗಿಯನ್ನು ಕೂಗಿ, "ಇದನ್ನ ನಾ ಬರದಿದ್ನೇನು?" ಎಂದು ಕೇಳಿದ್ದು ಕೇಳಿಸಿತು.