ವಾಲ್ಬುರ್ಗಾ ಇಟ್ಟ ನೇರಳೆ ಚುಕ್ಕೆ

ಆಗ್ಸ್‌ಬರ್ಗ್ ಊರಿನ ವಾಲ್ಬುರ್ಗಾಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೂ ವೆಂಡೆಲ್‌ನ ಅಚ್ಚುಕೂಟದ ಪ್ರತಿ ಪುಸ್ತಕವೂ ಅವಳ ಕೈ ದಾಟಿಯೇ ಹೋಗಬೇಕು, ಚಿತ್ರಗಳಿಗೆ ಬಣ್ಣ ತುಂಬುವವಳು ಅವಳೇ. ಗಂಡ ಸತ್ತ ಮೇಲೆ ಹದಿನಾಲ್ಕು ವರ್ಷ ಕುಂಚವೇ ಹೊಟ್ಟೆ ಹೊರೆದಿತ್ತು. ಹೊಳೆದಂಡೆಯ ಗಿಡಗಳನ್ನು ಕಿತ್ತು, ಮೂಸಿ ತಿಳಿದವಳಿಗೆ ಯಾವ ದಂಟಿಗೆ ಯಾವ ಬಣ್ಣವೆಂದು ಯಾರು ಹೇಳಬೇಕು? ಕಳೆದ ಚಳಿಗಾಲದಲ್ಲಿ ಮೂಲಿಕೆ ಪುಸ್ತಕದ ಮುನ್ನೂರು ಪ್ರತಿಗೂ ಒಬ್ಬಳೇ ಬಣ್ಣ ಹಾಕಿದ್ದಳು. ಒಂದನ್ನು ಉಲ್ಮ್ ಊರಿಗೆ ಮದುವೆಯಾಗಿ ಹೋದ ಮಗಳು ಅಫ್ರಾಗೆ ಕಳಿಸಿ ಬೀಗಿದ್ದಳು. ಅಫ್ರಾ ಓದು ಕಲಿತವಳು. ಪುಸ್ತಕ ಸಿಕ್ಕ ಮೇಲೆ ತಾಯಿಯ ಮಾತು ಅವಳಿಗೆ ಕಾಲಕಸ.

ಈಸ್ಟರ್ ಹಬ್ಬಕ್ಕೆ ಮುಂಚಿನ ವಾರದ ಸೋಮವಾರ ವೆಂಡೆಲ್ ಗಿರಾಕಿಗೊಂದು ಪುಟ ತೋರಿಸುತ್ತಿದ್ದ. "ಇದೇ ಕೆರ್ಬೆಲ್ ಸೊಪ್ಪು. ಈ ವಾರ ಹಸಿರು ಗುರುವಾರ, ಮನೆಮನೇಲೂ ಸೊಪ್ಪಿನ ಸಾರು ಉಣ್ಣೋ ದಿನ. ಆ ಸಾರಿಗೆ ಇದೇ ಆಗ್ಬೇಕು."

ವಾಲ್ಬುರ್ಗಾ ಇಣುಕಿದಳು.

"ಯಜಮಾನ್ರೇ, ಅದು ಕೆರ್ಬೆಲ್ ಅಲ್ಲ. ಇಲಿವಾಸನೆ ಹೊಡೆಯತ್ತಲ್ಲ, ಆ ವಿಷದ ಸೊಪ್ಪು. ದಂಟಿಗೆ ನೇರಳೆ ಚುಕ್ಕೆ ಇಟ್ಟವಳೇ ನಾನು."

ವೆಂಡೆಲ್ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಯಾವನೋ ಆಳು ಕೆರ್ಬೆಲ್ ಚಿತ್ರದ ಮರದಚ್ಚಿನ ಜಾಗದಲ್ಲಿ ವಿಷದ ಸೊಪ್ಪಿನದನ್ನು ಕೂರಿಸಿಬಿಟ್ಟಿದ್ದ.

"ಬಣ್ಣ ಹಾಕುವಾಗ್ಲೇ ಹೇಳೋಕೇನಾಗಿತ್ತು ನಿಂಗೆ?"

"ಕೆಳಗೇನು ಬರೆದಿದೀರ ಅಂತ ನಂಗೇನು ಕನಸು ಬೀಳತ್ತಾ?"

ಹಿಂದೆ ಮಠದ ಸನ್ಯಾಸಿ ಕೈಬರಹದಲ್ಲಿ ತಪ್ಪಿದರೆ ಆ ತಪ್ಪು ಒಂದೇ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅಚ್ಚು ಬಂದು ಮೂವತ್ತು ವರ್ಷವಾಗಿತ್ತಷ್ಟೆ. ಈ ಹಾಳು ತಪ್ಪು ಪುಸ್ತಕ ತುಂಬಿದ ಪೀಪಾಯಿಗಳಲ್ಲಿ ಕೂತು ಹನ್ನೊಂದು ಊರಿಗೆ ಸವಾರಿ ಹೋಗಿಯಾಗಿತ್ತು. ವೆಂಡೆಲ್ ತನ್ನ ಎರಡೇ ಕುದುರೆಗಳನ್ನು ದೊಡ್ಡ ಊರುಗಳತ್ತ ಓಡಿಸಿದ. ವಾಲ್ಬುರ್ಗಾ ಉಲ್ಮ್ ಕಡೆಯ ಗಾಡಿ ಹತ್ತಿದಳು. ಗುರುವಾರದೊಳಗೆ ಮಗಳನ್ನು ಮುಟ್ಟಬೇಕು.

ದಾರಿಯುದ್ದಕ್ಕೂ ಕೂತಲ್ಲಿ ಕೂರಲಿಲ್ಲ. ಎತ್ತನ್ನು ಬೈದಳು, ಕೆಸರನ್ನು ಬೈದಳು.

"ಅಜ್ಜೀ, ಅಷ್ಟು ಅವಸರವಿದ್ರೆ ಇಳಿದು ನೀವೇ ಎಳೀರಿ," ಎಂದ ಗಾಡಿಯವನು.

ಇಳಿದೇಬಿಟ್ಟಳು. ಕೊನೆಯ ಹರದಾರಿಗಳನ್ನು ಗಾಡಿಗಿಂತ ಮುಂದೆ ನಡೆದಳು.

ಗುರುವಾರ ಮಧ್ಯಾಹ್ನ ಅಫ್ರಾಳ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ವಾಲ್ಬುರ್ಗಾ ಮಡಕೆಯನ್ನೆತ್ತಿ ಅಂಗಳಕ್ಕೆ ಚೆಲ್ಲಿದಳು.

"ತಲೆ ಕೆಟ್ಟಿದ್ಯಾ ಅಮ್ಮ? ಪುಸ್ತಕ ನೋಡ್ಕೊಂಡೇ ಕಿತ್ತಿದ್ದು ನಾನು. ಓದೋಕೆ ಬರದೋಳು ನಂಗೆ ಹೇಳ್ಕೊಡ್ತೀಯಾ?"

"ತಿಂದ್ಯಾ?"

"ಇನ್ನೂ ಇಲ್ಲ."

ವಾಲ್ಬುರ್ಗಾ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತಳು. ಆಮೇಲೆ ಉಳಿದಿದ್ದ ಒಂದು ದಂಟನ್ನು ಹೊಸಕಿ ಮಗಳ ಮೂಗಿಗೆ ಹಿಡಿದಳು. ಇಲಿಯ ನಾತ. "ಪುಸ್ತಕದಲ್ಲಿ ಹೆಸರು ಕೆರ್ಬೆಲ್‌ದು, ಚಿತ್ರ ಈ ವಿಷದ ಸೊಪ್ಪಿಂದು," ಎಂದಳು. ಅಫ್ರಾ ಪುಟ ತೆರೆದು ನೇರಳೆ ಚುಕ್ಕೆಗಳನ್ನು ಮೊದಲ ಸಲ ನೋಡಿದಳು. ಸಿಟ್ಟು ಇಳಿದುಹೋಯಿತು.

"ಅಮ್ಮ, ಮುನ್ನೂರು ಪುಸ್ತಕ ಅಂದಿದ್ಯಲ್ಲ. ಮಿಕ್ಕಿದ್ದು?"

ವೆಂಡೆಲ್ ಓಡಿಸಿದ್ದು ಎರಡೇ ಕುದುರೆ. ಹನ್ನೊಂದು ಊರಲ್ಲೂ ಅಂದು ಗುರುವಾರ, ಊಟದ ಹೊತ್ತು.