ಮುಟ್ಟದೆ ಬಿಟ್ಟ ಹಂಚು

ಧಾರವಾಡದ ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳಲ್ಲಿ ಹುಚ್ಚಪ್ಪ ಹತ್ತದೆ ಬಿಟ್ಟದ್ದು ಒಂದೂ ಇರಲಿಕ್ಕಿಲ್ಲ. ಅರವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ, ಹೆಗಲ ಮೇಲೆ ಬಿದಿರಿನ ಏಣಿ, ಕಿವಿಯ ಸಂದಿಯಲ್ಲಿ ಅರ್ಧ ಸೇದಿ ಉಳಿಸಿದ ಬೀಡಿ. ಮೇಲೆ ಹತ್ತಿದನೆಂದರೆ ಬೆಕ್ಕು ನಡೆದಷ್ಟೂ ಸಪ್ಪಳವಿಲ್ಲ. ಕೆಳಗೆ ಇಳಿದ ಮೇಲೆ ಮಾತ್ರ ನಾಲ್ಕು ಮಂದಿಯ ಕೆಮ್ಮು ಒಬ್ಬನೇ ಕೆಮ್ಮುತ್ತಿದ್ದ.

ಅವನಿಗೆ ಅಪ್ಪನಿಂದ ಬಂದ ಎರಡು ಕಟ್ಟಳೆಗಳಿದ್ದವು. ಗಾಳಿಗೆ ಮನೆ ಬಿಚ್ಚಿಕೊಂಡರೆ ಹೊತ್ತು ಮುಳುಗುವುದರೊಳಗೆ ಒಲೆಯ ಮೇಲಿನ ಭಾಗ ಮುಚ್ಚಿರಬೇಕು. ಉಳಿದದ್ದು ನಾಳೆಗಾದರೂ ನಡೆಯುತ್ತದೆ. ಇನ್ನೊಂದು, ಕೆಲಸವಿಲ್ಲದ ಏಣಿ ಯಾರ ಮನೆಗೂ ಒರಗಿ ನಿಲ್ಲಬಾರದು. "ಬರೇ ಏಣಿ ನಿಂತ್ರ ಅದನ್ನ ಕೇಡು ಹತ್ತತೈತ್ರಿ" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಆದರೆ ಮೊದಲನೆಯದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಈ ಹಳೆಯ ಮನೆಗಳಲ್ಲಿ ಒಲೆಯ ಹಿಂದಿನ ಗೋಡೆ ಬರೀ ಮಣ್ಣಿನದು, ಮನೆಯ ತೊಲೆಗಳೆಲ್ಲ ಕೂತಿರುವುದು ಅದರ ಮೇಲೆಯೇ. ಅದರ ನೆತ್ತಿಗೆ ನೀರು ಬಿದ್ದರೆ ಮನೆಯ ಬೆನ್ನೇ ಮುರಿದಂತೆ.

ನಾನು ರಾಜಶೇಖರ, ಮನೆಗಳಿಗೆ ವಿಮೆ ಮಾಡಿಸುವ ಏಜೆಂಟ. ಹತ್ತೊಂಬತ್ತು ವರ್ಷದಿಂದ ಇದೇ ಉದ್ಯೋಗ. ನನ್ನ ಬಾಯಿ ಜೋರು, ಅದು ಊರಿಗೇ ಗೊತ್ತು. ಬೆಂಕಿ, ಬಿರುಗಾಳಿ, ಸಿಡಿಲು ಎಂದು ನಾನು ಶುರು ಮಾಡಿದರೆ ಕೇಳಿದವರು ಹೆದರಿಯೇ ಸಹಿ ಹಾಕುತ್ತಿದ್ದರು. ನನಗೂ ಹುಚ್ಚಪ್ಪನಿಗೂ ಒಂದೇ ಗಾಳಿಯಿಂದ ಅನ್ನ. ಗಾಳಿ ಬಂದರೆ ಅವನು ಏಣಿ ಹೊತ್ತು ಓಡುತ್ತಿದ್ದ, ನಾನು ಚೀಲ ಹಿಡಿದು ಓಡುತ್ತಿದ್ದೆ.

ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಆಣೆಕಲ್ಲಿನ ಮಳೆ ಬಂತು. ನಿವೃತ್ತ ಶಿಕ್ಷಕಿ ಅಂಬಾಬಾಯಿಯವರ ಮನೆಯ ಅರ್ಧ ಹಂಚು ಪುಡಿಯಾಯಿತು. ನಾನು ಹೋಗುವಷ್ಟರಲ್ಲಿ ಹುಚ್ಚಪ್ಪ ಎಲ್ಲ ಮುಗಿಸಿದ್ದ. ಹೊಸ ಹಂಚು ಕೂತಿತ್ತು, ಒಡೆದದ್ದನ್ನು ಗಾಡಿಗೆ ತುಂಬಿ ಹಳ್ಳಕ್ಕೆ ಸುರಿದು ಬಂದಿದ್ದ, ಅಂಗಳ ಗುಡಿಸಿ ನೀರೂ ಹೊಡೆದಿದ್ದ. ಎರಡು ದಿನ ಬಿಟ್ಟು ವಿಮೆ ಕಂಪನಿಯ ಸರ್ವೇಯರ್ ಬಂದು, ಎಲ್ಲಿದೆ ಹಾನಿ ಎಂದು ಕೇಳಿದ. ತೋರಿಸಲು ಒಂದು ಚೂರೂ ಇರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. ಕ್ಲೇಮ್ ತಿರಸ್ಕಾರವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಪಾಪ, ಅವ ಛಲೋ ಮಾಡಲಿಕ್ಕೆ ಹೋದ. ಹೋಗಲಿ ಬಿಡ್ರಿ, ಮನಿ ಅಂತೂ ಮುಚ್ಚ್ಯದ" ಎಂದು ಅಂಬಾಬಾಯಿಯವರೇ ಸಮಾಧಾನ ಹೇಳಿದರು. ನಾನು ಬಿಡಲಿಲ್ಲ. ನಡುಬೀದಿಯಲ್ಲಿ, ಹತ್ತು ಜನರ ಮುಂದೆ, ವಯಸ್ಸಿನಲ್ಲಿ ನನಗಿಂತ ಹಿರಿಯನಾದವನನ್ನು ಬಾಯಿಗೆ ಬಂದಂತೆ ಬೈದೆ.

"ಯಾರು ಹೇಳಿದ್ರೋ ನಿನಗ ಮುಟ್ಟಂತ? ನಿನ್ನ ಶಾಣ್ಯಾತನಕ್ಕ ಇವರ ಕ್ಲೇಮ್ ಮಣ್ಣಪಾಲಾತು!"

ಹುಚ್ಚಪ್ಪ ತಲೆ ತಗ್ಗಿಸಿ ನಿಂತಿದ್ದ. ಬೀಡಿ ಕಿವಿಯಿಂದ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. ಆಮೇಲೆ ಏಣಿಯ ಮೆಟ್ಟಿಲ ಮೇಲೆ ಬಲಗೈ ಇಟ್ಟ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಅವನ ಮನೆಯಲ್ಲಿ ಮೊದಲ ಕುಂಕುಮ ಬೀಳುತ್ತಿದ್ದದ್ದು ಆ ಏಣಿಗೆ. ಅದನ್ನು ಮುಟ್ಟಿ ಹೇಳಿದ್ದನ್ನು ಅವನ ಮನೆತನದವರು ಸತ್ತರೂ ತಪ್ಪುವವರಲ್ಲ.

"ಏಣಿ ಮುಟ್ಟಿ ಹೇಳತೇನ್ರಿ ಸಾಹೇಬ್ರ. ಇನ್ನ ಮ್ಯಾಲ ವಿಮಾ ಇದ್ದ ಮನ್ಯಾಗ, ನೀವು ಹೂಂ ಅನ್ನೂತನಕ ಬಿದ್ದ ಹಂಚ ಮುಟ್ಟೂದಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮಾತಿಗಿಂತ ಮೊದಲು ಹೋದದ್ದು ನನ್ನ ಮಾತು. ಆ ಹೊತ್ತು ಮಾತ್ರ, ಇವನಿಗೆ ಬುದ್ಧಿ ಬಂತು ಎಂದುಕೊಂಡು ಮೀಸೆಯ ಮೇಲೆ ಕೈ ಹಾಕಿ ಮನೆಗೆ ಹೋದೆ.

ಈ ವರ್ಷದ ಮೇ ತಿಂಗಳು, ಒಂದು ಮಂಗಳವಾರ ಮಧ್ಯಾಹ್ನ. ಪಶ್ಚಿಮದ ಕಡೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಕಾಗೆಗಳು ಒಮ್ಮೆಲೇ ಸುಮ್ಮನಾದವು. ಆಮೇಲೆ ಬಂದ ಗಾಳಿ ಅರ್ಧ ತಾಸೂ ಇರಲಿಲ್ಲ, ಅಷ್ಟರಲ್ಲಿ ಶಿವಲಿಂಗವ್ವನ ಮನೆಯ ಹಿತ್ತಿಲ ಹುಣಸೆಯ ಕೊಂಬೆ ಮುರಿದು ಅಡುಗೆಮನೆಯ ನೆತ್ತಿಗೆ ಬಿತ್ತು. ತೊಲೆಯ ಮೇಲಿನ ಹಂಚೆಲ್ಲ ಹಾರಿ, ಮಣ್ಣಿನ ಗೋಡೆಯ ತಲೆ ಬಯಲಾಯಿತು.

ಶಿವಲಿಂಗವ್ವ ಗಂಡ ತೀರಿದ ಮೇಲೆ ಆ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಒಲೆಯ ಗೋಡೆಯ ಆಚೆ ಬದಿಯ ಖೋಲಿಯಲ್ಲಿ, ಪರೀಕ್ಷೆಗೆ ಓದಲು ಬಂದ ಮೂವರು ಹುಡುಗಿಯರು ಬಾಡಿಗೆಗಿದ್ದರು. ಮನೆ ಹೋದರೆ ಖಾನಾವಳಿ ಹೋಯಿತು, ಖಾನಾವಳಿ ಹೋದರೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಆ ಮನೆಗೆ ವಿಮೆ ಮಾಡಿಸಿದ್ದವನು ನಾನೇ.

ನಾನು ಹೋದಾಗ ಹುಚ್ಚಪ್ಪ ಏಣಿ ಹಚ್ಚಿ, ತಾಡಪತ್ರಿ ಮಡಚಿ ಬಗಲಲ್ಲಿ ಇಟ್ಟುಕೊಂಡು ನಿಂತಿದ್ದ. ಹತ್ತಿರಲಿಲ್ಲ.

"ಹೂಂ ಅನ್ರಿ ಸಾಹೇಬ್ರ. ಹೊತ್ತು ಮುಣಗೂದರಾಗ ಒಲಿ ಮ್ಯಾಲಿಂದರ ಮುಚ್ಚತೇನಿ."

"ತಾಡಪತ್ರೀನೂ ಬ್ಯಾಡ. ಸರ್ವೇಯರ್ ತನ್ನ ಕಣ್ಣಿಲೆ ನೋಡಬೇಕು. ಶುಕ್ರವಾರ ಬರತಾನ, ಅಲ್ಲೀತನಕ ಒಂದ ಚೂರೂ ಅಲಗಬಾರದು" ಎಂದೆ.

"ಮೂರ ದಿನಾ ಏನ್ರಿ?"

"ಅಂಬಾಬಾಯಿಯವರ ಮನಿ ನೆನಪೈತಿಲ್ಲೋ?"

ಆ ಒಂದು ಮಾತಿಗೆ ಅವನು ಕುಗ್ಗಿಹೋದ. ತಾಡಪತ್ರಿಯನ್ನು ಕಟ್ಟೆಯ ಮೇಲಿಟ್ಟ. ಏಣಿಯನ್ನು ಇಳಿಸಲು ಕೈ ಹಾಕಿ ಮತ್ತೆ ಬಿಟ್ಟ. ಸರ್ವೇಯರ್ ಬಂದರೆ ಹತ್ತಿ ನೋಡಲು ಬೇಕಲ್ಲ ಎಂದು ನಾನೇ ತಡೆದೆ. ಹೀಗೆ ಅವನ ಎರಡು ಕಟ್ಟಳೆಗಳನ್ನೂ ನಾನು ಒಂದೇ ಸಂಜೆ ಮುರಿಸಿದೆ. ಬರಿಯ ಏಣಿ ಆ ಮನೆಗೆ ಒರಗಿ ನಿಂತಿತು.

ಅವತ್ತು ರಾತ್ರಿಯೇ ಸಣ್ಣ ಮಳೆ ಬಂತು. ಬುಧವಾರ ಬೆಳಿಗ್ಗೆ ಹುಚ್ಚಪ್ಪ ಶಿವಲಿಂಗವ್ವನ ಮನೆಗೆ ಹೋಗಿ, ಹಿತ್ತಿಲಲ್ಲಿ ನಿಂತು, ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿದು ಕಿವಿಗೊಟ್ಟು ಕೇಳಿದನಂತೆ. ಒಣಗಿದ ಗೋಡೆ ಟಣ್ ಎನ್ನುತ್ತದೆ, ನೀರು ಕುಡಿದದ್ದು ಸುಮ್ಮನಿರುತ್ತದೆ. ನನಗೆ ಫೋನ್ ಮಾಡಿದ.

"ಗ್ವಾಡಿ ನೀರ ಕುಡ್ಯಾಕತ್ತೈತ್ರಿ. ದನಿ ಹೋಗೇತಿ. ಹುಡುಗ್ಯಾರನ್ನ ಆ ಖೋಲ್ಯಾಗ ಮಲಗಸಬ್ಯಾಡಂತ ಹೇಳೇನಿ. ನೀವೊಂದ ಹೂಂ ಅಂದ್ರ..."

"ಗ್ವಾಡಿ ಜೋಡಿ ಏನ್ ಮಾತಾಡತೀಯೋ? ಎರಡ ದಿನ ತಡ್ಯಾಕ ಆಗೂದಿಲ್ಲೇನು ನಿನಗ?" ಎಂದು ನಾನು ಫೋನ್ ಇಟ್ಟೆ.

ಶಿವಲಿಂಗವ್ವನಾದರೂ ಅವನಿಗೆ ಹತ್ತು ಎನ್ನಬಹುದಿತ್ತು. ಅವಳು ಅನ್ನಲಿಲ್ಲ. "ಏಜೆಂಟ್ರು ಬ್ಯಾಡಂದಾರೋ ಹುಚ್ಚಪ್ಪಾ, ಓದಿದವ್ರು ಅವ್ರು" ಎಂದಳಂತೆ. ಹುಡುಗಿಯರ ಹಾಸಿಗೆ ಪಡಸಾಲೆಗೆ ಬಂತು. ಒಲೆಯನ್ನು ಎಲ್ಲಿಗೆ ಒಯ್ಯುವುದು? ಇಪ್ಪತ್ತು ಜನ ಊಟಕ್ಕೆ ಬರುವವರು. ಅವಳು ಆ ಗೋಡೆಗೆ ಬೆನ್ನು ಕೊಟ್ಟು ಕೂತು ರೊಟ್ಟಿ ಬಡಿಯುತ್ತಲೇ ಇದ್ದಳು.

ಗುರುವಾರ ನಾನು ಹುಬ್ಬಳ್ಳಿಯಲ್ಲಿದ್ದೆ. ಜಿಲ್ಲೆಯ ತುಂಬ ಹಂಚು ಹಾರಿದ್ದರಿಂದ ವಿಮೆ ಆಫೀಸಿನಲ್ಲಿ ಸಂತೆ ನೆರೆದಿತ್ತು. ಸರ್ವೇಯರ್ ಶಶಿಕುಮಾರನನ್ನು ಹಿಡಿದು, ನಾಳೆ ಮೊದಲು ನನ್ನ ಪಾರ್ಟಿಯ ಮನೆಗೇ ಬರಬೇಕು ಎಂದು ಗಂಟುಬಿದ್ದಿದ್ದೆ. ಅದಕ್ಕೆ ಅಡ್ಡಿಯಾಗಬಾರದೆಂದು ಫೋನಿನ ಸದ್ದು ತೆಗೆದು ಕಿಸೆಯಲ್ಲಿಟ್ಟಿದ್ದೆ. ನಾಲ್ಕು ಗಂಟೆಗೆ ಕಿಟಕಿಯಲ್ಲಿ ನೋಡಿದರೆ ಧಾರವಾಡದ ಕಡೆ ಕತ್ತಲೆ ಕವಿದಿತ್ತು. ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಹತ್ತಿ ಕೂತು ಫೋನ್ ತೆಗೆದೆ. ಹುಚ್ಚಪ್ಪನ ಹನ್ನೊಂದು ಕರೆಗಳು. ತಿರುಗಿ ಮಾಡಿದೆ, ಹೋಗಲಿಲ್ಲ. ನವನಗರ ದಾಟುವಾಗ ಮಳೆ ಬಸ್ಸಿನ ಗಾಜಿಗೆ ಹೊಡೆಯತೊಡಗಿತು. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಹೂಂ ಎನ್ನಲು ನಾನು ಅಷ್ಟು ಚಡಪಡಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಅತ್ತ ನಡೆದದ್ದನ್ನು ಶಿವಲಿಂಗವ್ವ ಆಮೇಲೆ ಹೇಳಿದಳು. ಮಳೆ ಶುರುವಾದಾಗ ಹುಚ್ಚಪ್ಪ ಏಣಿಯ ಬುಡದಲ್ಲಿ, ತಾಡಪತ್ರಿ ಎದೆಗವಚಿಕೊಂಡು, ಒಂದು ಕೈಯಲ್ಲಿ ಫೋನ್ ಹಿಡಿದು ತೋಯಿಸಿಕೊಳ್ಳುತ್ತ ನಿಂತಿದ್ದನಂತೆ. ಫೋನಿಗೆ ನೀರು ಹೊಕ್ಕು ಅದು ಸತ್ತ ಮೇಲೆ ಗೋಡೆಗೆ ಕಿವಿ ಹಚ್ಚಿದ. ಒಳಗಿನಿಂದ ಮಣ್ಣು ಉದುರುವ ಸಪ್ಪಳ ಕೇಳಿರಬೇಕು, ಅಡುಗೆಮನೆಯ ಹೊಸ್ತಿಲಿಗೆ ಓಡಿ ಬಂದ.

"ಅವ್ವಾ, ಹೊರಗ ಬಾರವ್ವಾ! ಗ್ವಾಡಿ ಬರತೈತಿ!"

"ಹಂಚಿನ ಮ್ಯಾಲ ರೊಟ್ಟಿ ಐತೋ, ತಡಿ" ಎಂದಳಂತೆ ಅವಳು. ಮಳೆಯ ಸದ್ದಿನಲ್ಲಿ ಅವನ ಮಾತು ಪೂರ್ತಿ ಕೇಳಿಸಿರಲಿಲ್ಲ.

ಹುಚ್ಚಪ್ಪ ಹೊಸ್ತಿಲಲ್ಲೇ ನಿಂತ. ಮೂವತ್ತು ವರ್ಷ ಆ ಅಡುಗೆಮನೆಯ ನೆತ್ತಿಯ ಮೇಲೆ ಕೂತು ಕೆಲಸ ಮಾಡಿದವನು, ಒಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಚಹಾ ಕೊಟ್ಟರೂ ಹೊರಗಿನ ಕಟ್ಟೆಯ ಮೇಲೆಯೇ ಕುಡಿದವನು. ಯಾರೂ ಬರಬೇಡ ಎಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ನಮ್ಮ ಜಾತಿಯ ಅಡುಗೆಮನೆಗಳ ರೀತಿ ಅದು, ಬಾಯಿಬಿಟ್ಟು ಹೇಳುವುದೇ ಬೇಕಿಲ್ಲ. ಎರಡು ಸಲ, ಮೂರು ಸಲ ಹೊರಗಿನಿಂದಲೇ ಕೂಗಿದನಂತೆ. ಆಮೇಲೆ ತಾಡಪತ್ರಿಯನ್ನು ಕಟ್ಟೆಯ ಮೇಲಿಟ್ಟು ಚಪ್ಪಲಿ ಬಿಟ್ಟ. ಅಂಥ ಹೊತ್ತಿನಲ್ಲೂ ಚಪ್ಪಲಿ ಬಿಟ್ಟು ಒಳಗೆ ಬಂದ, ಅವಳ ರಟ್ಟೆ ಹಿಡಿದು ಎಬ್ಬಿಸಿ ಪಡಸಾಲೆಗೆ ನೂಕಿದ. ಅವಳು ಬಿದ್ದು ತಿರುಗಿ ನೋಡುವಷ್ಟರಲ್ಲಿ ತೊಲೆಗಳ ಸಮೇತ ಗೋಡೆ ಕೂತುಬಿಟ್ಟಿತು.

ನಾನು ಹೋದಾಗ ಓಣಿಯವರೆಲ್ಲ ಸೇರಿ ಕೆಸರು ಬಗೆಯುತ್ತಿದ್ದರು. ಅವನನ್ನು ಹೊರಗೆ ತಂದರು. ಜೀವವಿತ್ತು. ಕಣ್ಣಿನ ಮಣ್ಣು ಒರೆಸಿದೆ. ನನ್ನ ಗುರುತು ಹಿಡಿದ.

"ಸಾಹೇಬ್ರ... ನಾ ಒಂದ ಹಂಚೂ ಮುಟ್ಟಿಲ್ಲರಿ."

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ದೆವು. ಭಾನುವಾರ ತೀರಿಕೊಂಡ. ಬೇರೆ ಮಾತು ಆಡಲಿಲ್ಲ.

ಮಧ್ಯೆ ಶುಕ್ರವಾರ, ಹೇಳಿದ ಹೊತ್ತಿಗೆ ಸರಿಯಾಗಿ, ಶಶಿಕುಮಾರ ಬಂದಿದ್ದ. ಏಣಿ ಇನ್ನೂ ಹಿತ್ತಿಲ ಕಡೆ ಬೀಳದೆ ಉಳಿದ ಮನೆಯ ಮೂಲೆಗೆ ಒರಗಿ ನಿಂತಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಅವನು ಎಲ್ಲ ಕಡೆಯಿಂದ ಫೋಟೋ ತೆಗೆದುಕೊಂಡ. ಕೊನೆಗೆ ಕಟ್ಟೆಯ ಮೇಲೆ ಮಡಚಿಟ್ಟಿದ್ದ ತಾಡಪತ್ರಿಯನ್ನು ನೋಡಿ ನನ್ನ ಕಡೆ ತಿರುಗಿದ.

"ಇದ್ನ ಯಾಕ ಹೊದಿಸಿಲ್ಲರಿ?"

"ನೀವು ಬಂದು ನೋಡೂತನಕ ಮುಟ್ಟಬಾರದಲ್ರಿ?"

"ಯಾರ್ ಹೇಳಿದ್ರು? ನಾಕ ಫೋಟೋ ಹೊಡದು ಆವತ್ತ ಮುಚ್ಚಿಬಿಡಬೇಕಿತ್ತು. ಹಾನಿ ಹೆಚ್ಚಾಗದಂಗ ಮನಿಯವರು ನೋಡ್ಕೋಬೇಕಂತ ಪಾಲಿಸ್ಯಾಗ ಬರದೇ ಇರತೈತಲ್ರಿ. ನೀವು ಏಜೆಂಟ್ರು, ನಿಮಗ ಗೊತ್ತಿಲ್ಲೇನು?"

ಮನೆಗೆ ಹೋಗಿ ಪಾಲಿಸಿ ತೆಗೆದು ನೋಡಿದೆ. ಬರೆದಿತ್ತು. ಹತ್ತೊಂಬತ್ತು ವರ್ಷ ನಾನು ಊರಿಗೆಲ್ಲ ಹಂಚಿದ ಕಾಗದದಲ್ಲಿ ಆ ಸಾಲು ಇತ್ತು, ನಾನು ಒಂದು ಸಲವೂ ಓದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ, ಹಾಗೆ ಓದಿದೆ. ಅಂಬಾಬಾಯಿಯವರ ಕ್ಲೇಮ್ ಹೋದದ್ದು ಹುಚ್ಚಪ್ಪ ಮುಚ್ಚಿದ್ದರಿಂದ ಅಲ್ಲ, ಫೋಟೋ ತೆಗೆದಿಡಿರಿ ಎಂದು ನಾನು ಮೊದಲೇ ಹೇಳದೇ ಇದ್ದದ್ದರಿಂದ.

ಶಿವಲಿಂಗವ್ವನ ಕ್ಲೇಮ್ ಪಾಸಾಯಿತು. ಶಶಿಕುಮಾರ ಪಾಪ, ತಾಡಪತ್ರಿಯ ಮಾತನ್ನು ವರದಿಯಲ್ಲಿ ಬರೆಯಲಿಲ್ಲ. ರಾಜಶೇಖರ ಓಡಾಡಿದ್ದರಿಂದಲೇ ಆಯಿತು ಎಂದು ಓಣಿಯವರು ನನ್ನನ್ನು ಹೊಗಳಿದರು. ನಾನು ಆ ಹೊಗಳಿಕೆಯನ್ನು ಬೇಡ ಎನ್ನಲಿಲ್ಲ.

ಹುಚ್ಚಪ್ಪನ ಹದಿಮೂರನೆಯ ದಿನ ಕಳೆದ ಮೇಲೆ ಅವನ ಹೆಂಡತಿ ರುಕ್ಮವ್ವ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದೆ, ಬರಲಿಲ್ಲ. ಕಟ್ಟೆಯ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

"ಒಂದ ಮಾತ ಕೇಳಾಕ ಬಂದೇನ್ರಿ. ಮಂದಿ ಒಂದೊಂದ ಅಂತಾರ. ಮ್ಯಾಲ ಹತ್ತಿ ಮುಚ್ಚಿದ್ರ ಮುಗೀತಿತ್ತು, ಗೊತ್ತಿದ್ದೂ ಗೊತ್ತಿದ್ದೂ ಸುಮ್ನ ನಿಂತ, ಅವಂದ ತಪ್ಪು ಅಂತಾರ. ಮುಟ್ಟಬಾರದಂತ ಆ ಕಾಗದದಾಗ ಖರೇನ ಬರದಿತ್ತೇನ್ರಿ?"

ಇಷ್ಟು ವರ್ಷ ಬಾಯಿಯಿಂದಲೇ ಬದುಕಿದವನು ನಾನು. ಇಲ್ಲ ಎನ್ನಲು ಒಂದು ಮಾತು ಸಾಕಿತ್ತು.

"ಬರದಿತ್ತವ್ವಾ" ಎಂದೆ.

ರುಕ್ಮವ್ವ ಕಣ್ಣು ಒರೆಸಿಕೊಂಡಳು. ಅವಳ ಮುಖ ಹಗುರಾದದ್ದು ನನಗೆ ಕಾಣಿಸಿತು.

"ಹಂಗಾರ ಅವರದೇನೂ ತಪ್ಪಿಲ್ಲ ಬಿಡ್ರಿ. ಕಾಯ್ದೇ ಮೀರಿದವರಲ್ಲ ಅವರು" ಎಂದು ಎದ್ದು, ನನಗೆ ಕೈಮುಗಿದು ಹೋದಳು.