ಕೂವೆ ಬೆರೆಸಿದ ಮೈದಾ

ಅರಂತೋಡಿನ ಪೂವಮ್ಮ ಮದುವೆಯಾಗಲಿಲ್ಲ. ಪ್ರಾಯದಲ್ಲಿ ಮಡಿಕೇರಿ ಕಡೆಯ ಕಾಫಿತೋಟದ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಗಿದ್ದಳು. ಅಲ್ಲಿ ಕೇಕಿಗೆಂದೇ ನಯವಾದ ಹಿಟ್ಟು ಡಬ್ಬಿಯಲ್ಲಿ ಬರುತ್ತಿತ್ತು. ಸಾವಿರದ ಒಂಬೈನೂರ ಐವತ್ತೇಳರ ಸುಮಾರಿಗೆ ದೊರೆ ತನ್ನ ದೇಶಕ್ಕೆ ಹೋದ ಮೇಲೆ ಪೂವಮ್ಮನೂ ಊರಿಗೆ ಬಂದಳು.

ಸುಳ್ಯದಿಂದ ತರಿಸಿದ ಬರೀ ಮೈದಾದಲ್ಲಿ ಕೇಕು ಮಾಡಿದರೆ ರೊಟ್ಟಿಯ ಹಾಗೆ ಬಿರುಸು. ಎಷ್ಟೋ ಸಲ ದನಕ್ಕೆ ಹಾಕಿದಳು. ಕೊನೆಗೆ, ಮಕ್ಕಳಿಗೆ ಹೊಟ್ಟೆ ಕೆಟ್ಟಾಗ ಕಾಯಿಸಿ ಕೊಡುವ ಕೂವೆಗೆಡ್ಡೆಯ ಬಿಳಿ ಹುಡಿಯನ್ನು ಮೈದಾಕ್ಕೆ ಬೆರೆಸಿ, ತೆಳು ಬಟ್ಟೆಯಲ್ಲಿ ಮತ್ತೆ ಮತ್ತೆ ಗಾಳಿಸಿ ನೋಡಿದಳು. ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡವಿಟ್ಟು ಬೇಯಿಸಿದ ಆ ಕೇಕು ಬಾಯಲ್ಲಿ ಕರಗಿತು. ರಸ್ತೆ ಬದಿಯ ಹೋಟೆಲಿನ ಸಂಕಪ್ಪ ಅದನ್ನು ಗಾಜಿನ ಕಪಾಟಿನಲ್ಲಿಟ್ಟ. ಮಡಿಕೇರಿ ಬಸ್ಸಿನವರು ಇಳಿದಿಳಿದು ತಿಂದರು.

ಕೂವೆಯ ಸಂಗತಿಯನ್ನು ಪೂವಮ್ಮ ಹೇಳಿದ್ದು ತಂಗಿ ನೀಲಾವತಿಗೆ ಮಾತ್ರ. ಅವಳನ್ನು ಅದೇ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಗೆಡ್ಡೆ ಅರೆಯುವುದರಿಂದ ಹಿಡಿದು, ನೀರು ಬದಲಿಸುತ್ತಾ ಹಿಟ್ಟು ತಳಕ್ಕೆ ಕೂರಿಸಿ ಒಣಗಿಸುವವರೆಗೆ ಎಲ್ಲವನ್ನೂ ಕೈಹಿಡಿದು ಕಲಿಸಿದ್ದಳು.

ಒಂದು ಮಳೆಗಾಲ ಪೂವಮ್ಮನಿಗೆ ಜ್ವರ ಹಿಡಿಯಿತು. ಕೆಮ್ಮು ಬಿಡಲಿಲ್ಲ.

"ನೀನು ಮಲಗು ಅಕ್ಕ. ಹೋಟೆಲಿಗೆ ನಾನು ಮಾಡಿ ಕೊಡ್ತೇನೆ," ಎಂದಳು ನೀಲಾವತಿ.

ಎದ್ದು ಓಡಾಡುವಂತಾದಾಗ ಪೂವಮ್ಮ ಕೇಕು ಹಿಡಿದು ಹೋಟೆಲಿಗೆ ಹೋದಳು. ಸಂಕಪ್ಪ ಮುಟ್ಟಲಿಲ್ಲ.

"ನಿಮಗೆ ಕ್ಷಯ ಅಂತೆ ಅಲ್ವಾ? ನೀಲಾವತಿಯೇ ಹೇಳಿದ್ದು. ನಿಮ್ಮ ಕೈಯದ್ದು ಇನ್ನು ಯಾರು ತಿನ್ನುದು ಮಾರಾಯ್ರೆ?"

ಪೂವಮ್ಮ ನೆಟ್ಟಗೆ ತಂಗಿಯ ಮನೆಗೆ ಹೋದಳು. ನೀಲಾವತಿ ಜಗಲಿಯಲ್ಲಿ ಹಿಟ್ಟು ಗಾಳಿಸುತ್ತಿದ್ದಳು.

"ನನಗೆ ಕ್ಷಯ ಅಂತ ಹೇಳಿದ್ದು ನೀನಾ?"

ನೀಲಾವತಿ ತಲೆ ಎತ್ತಲಿಲ್ಲ. "ನಿನಗೆ ಒಬ್ಬಳಿಗೆ ಎಷ್ಟು ಬೇಕು ಅಕ್ಕ? ನನಗೆ ಮಕ್ಕಳುಂಟು."

ಬೈಯಬೇಕೆಂದು ಬಂದವಳು ಜಗಲಿ ಇಳಿದು ವಾಪಸು ನಡೆದಳು.

ಪುತ್ತೂರಿನ ಡಾಕ್ಟ್ರು ಎದೆ ಪರೀಕ್ಷಿಸಿ ಎಂತದೂ ಇಲ್ಲ ಎಂದರು. ಊರು ನಂಬಲಿಲ್ಲ. ಹೋದ ಮನೆಗಳಲ್ಲಿ ಅವಳ ಕಾಫಿಯ ಲೋಟ ಬೇರೆಯಾಯಿತು. ಪೂವಮ್ಮ ಗಂಟು ಕಟ್ಟಿ, ಪುತ್ತೂರಿನ ಹತ್ತಿರದ ಕುಂಬ್ರಕ್ಕೆ ಹೋದಳು. ಹಿಂದೆ ಬಂಗಲೆಗೆ ಮೊಟ್ಟೆ ತರುತ್ತಿದ್ದು, ಈಗ ಅಲ್ಲಿ ನೆಲೆಸಿದ್ದ ಪರಿಚಯದ ಮೈಮೂನಮ್ಮ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಪೂವಮ್ಮನ ಕೇಕು ಪುತ್ತೂರಿನ ಅಂಗಡಿಗಳಿಗೂ ಹೋಗತೊಡಗಿತು. ಆದರೆ ಹಿಟ್ಟು ಬೆರೆಸುವಾಗ ಮೈಮೂನಮ್ಮ ಬಂದರೂ ಬಾಗಿಲು ಮುಚ್ಚುತ್ತಿದ್ದಳು. ಆ ಹೆಂಗಸಿಗೆ ಬೇಸರವಾಗುತ್ತಿತ್ತು, ಪೂವಮ್ಮನಿಗೂ ಅದು ಗೊತ್ತಿತ್ತು.

ಅರುವತ್ತೆಂಟರಲ್ಲಿ ನೀಲಾವತಿ ಮಗಳ ಮದುವೆಗೆ ಕರೆಯಲು ಬಂದಳು.

"ಬರ್ತೀಯಲ್ಲ ಅಕ್ಕ?"

"ಬರ್ತೇನೆ. ಅಕ್ಕನಿಗೆ ಕ್ಷಯ ಅಂತ ನೀನು ಹೇಳಿದ್ದು ಸುಳ್ಳು ಅಂತ ಚಪ್ಪರದಲ್ಲಿ ನಾಲ್ಕು ಜನರ ಎದುರು ಹೇಳ್ತೀಯಾ?"

ನೀಲಾವತಿ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಪೂವಮ್ಮ ಮದುವೆಗೆ ಹೋಗಲಿಲ್ಲ.